ಮುಪ್ಪಿನ ಅಧ್ಯಯನ: ಮೂಲ ಪರಿಕಲ್ಪನೆಗಳು

ಬೆಳವಣಿಗೆ ಮುಗಿದ ದೇಹದಲ್ಲಿ ವರ್ಷಗಳು ಕಳೆದಂತೆ ಮೆಲ್ಲಗೆ ಆಗುತ್ತ ಹೋಗುವ, ಕಾಯಿಲೆಗೂ ಸಾವಿಗೂ ದೇಹವನ್ನು ಹೆಚ್ಚು ಹೆಚ್ಚು ಈಡುಮಾಡುವ ಬದಲಾವಣೆಗಳನ್ನು ಒಟ್ಟಾಗಿ ಮುಪ್ಪಾಗುವಿಕೆ ಎನ್ನುತ್ತಾರೆ. ಮುಪ್ಪಾಗುವಿಕೆ ಒಂದು ಪ್ರಕ್ರಿಯೆ, ವೃದ್ಧಾಪ್ಯ ಆಯುಷ್ಯದ ಒಂದು ಘಟ್ಟ. ಪ್ರಕ್ರಿಯೆ ಮೂವತ್ತರ ಆಸುಪಾಸಿನಲ್ಲೇ ಶುರುವಾಗಿರುತ್ತದೆ. ಘಟ್ಟ ಎಲ್ಲಿಂದ ಶುರು ಎಂಬುದನ್ನು ಆಯಾ ಸಮಾಜ ಗೊತ್ತುಮಾಡಿಕೊಳ್ಳುತ್ತದೆ. ಇವನ್ನು ದೇಹ, ಮನಸ್ಸು, ಸಮಾಜ ಎಂಬ ಮೂರೂ ಕಡೆಯಿಂದ ಪರಿಶೀಲಿಸುವ ಶಾಸ್ತ್ರವೇ ವೃದ್ಧಾಪ್ಯಶಾಸ್ತ್ರ, ಅಂದರೆ ಜೆರಂಟಾಲಜಿ. ವಯಸ್ಸಾದವರ ಕಾಯಿಲೆಗಳಿಗೆ ಮೀಸಲಾದ ವೈದ್ಯಶಾಖೆ ಜೆರಿಯಾಟ್ರಿಕ್ಸ್.

ಜರೆಯನ್ನು ಕುರಿತ ಚಿಂತನೆ ಹಳೆಯದು. ಆಯುರ್ವೇದದ ಎಂಟು ಅಂಗಗಳಲ್ಲಿ ಒಂದಾದ ರಸಾಯನ ಅದಕ್ಕಾಗಿಯೇ ಇದೆ. ಆಧುನಿಕ ಶಾಸ್ತ್ರಕ್ಕೆ ಜೆರಂಟಾಲಜಿ ಎಂಬ ಹೆಸರನ್ನು 1903ರಲ್ಲಿ ಕೊಟ್ಟವನು ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿದ್ದ ರಷ್ಯನ್ ಜೀವಶಾಸ್ತ್ರಜ್ಞ ಎಲಿ ಮೆಚ್ನಿಕಾಫ್. ಕರುಳಿನ ಬ್ಯಾಕ್ಟೀರಿಯಾಗಳು ಹುಟ್ಟಿಸುವ ವಿಷವೇ ಮುಪ್ಪಿಗೆ ಮೂಲವೆಂದು ನಂಬಿದ್ದ ಅವನು ಹುಳಿ ಹಾಲಿನ ಸೇವನೆಯನ್ನು ಬಲವಾಗಿ ಪ್ರತಿಪಾದಿಸಿದ. ಆ ವಾದ ಅವನು ಹೇಳಿದ ರೂಪದಲ್ಲಿ ನಿಲ್ಲಲಿಲ್ಲ. ಆದರೆ ಮುಪ್ಪನ್ನು ಕಾರಣಗಳಿರುವ, ಪರೀಕ್ಷೆಗೆ ಒಡ್ಡಬಹುದಾದ ವಿದ್ಯಮಾನವೆಂದು ನೋಡಿದ್ದು ಅವನ ದೊಡ್ಡ ಕೊಡುಗೆ. ನ್ಯೂಯಾರ್ಕಿನ ವೈದ್ಯ ಇಗ್ನಾಟ್ಸ್ ನಾಷರ್ 1909ರಲ್ಲಿ ಜೆರಿಯಾಟ್ರಿಕ್ಸ್ ಎಂಬ ಹೆಸರನ್ನು ಬಳಕೆಗೆ ತಂದ. ಭಾರತದಲ್ಲಿ ಈ ಕ್ಷೇತ್ರಕ್ಕೆ ಗಟ್ಟಿ ನೆಲೆ ಒದಗಿಸಿದವರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಂ.ಎಸ್. ಕಾನುನ್ಗೊ ಮುಖ್ಯರು. ವಯಸ್ಸಿನೊಂದಿಗೆ ಜೀನುಗಳ ಕಾರ್ಯಾಚರಣೆ ಬದಲಾಗುವುದನ್ನು ಕುರಿತು ಅವರು ದಶಕಗಳ ಕಾಲ ಕೆಲಸ ಮಾಡಿದರು.

ಈ ಶಾಸ್ತ್ರದ ಉದ್ದಕ್ಕೂ ಕಾಡುವ ಪ್ರಶ್ನೆ ಒಂದಿದೆ. ವಯಸ್ಸಾದವರಲ್ಲಿ ಕಾಣುವ ಬದಲಾವಣೆಗಳಲ್ಲಿ ನಿಜವಾಗಿ ವಯಸ್ಸಿನಿಂದಾದದ್ದು ಯಾವುದು, ಕಾಯಿಲೆಯಿಂದಾದದ್ದು ಯಾವುದು, ಬಡತನ, ದುಡಿಮೆ, ಒಂಟಿತನಗಳಿಂದಾದದ್ದು ಯಾವುದು? ಬರ್ನಾರ್ಡ್ ಸ್ಟ್ರೆಹ್ಲರ್ 1962ರಲ್ಲಿ ಇದಕ್ಕೆ ನಾಲ್ಕು ಒರೆಗಲ್ಲುಗಳನ್ನು ಸೂಚಿಸಿದ: ಬದಲಾವಣೆ ಆ ಜೀವಿಜಾತಿಯ ಎಲ್ಲರಲ್ಲೂ ಕಾಣಬೇಕು, ಹೊರಗಿನ ಕಾರಣದಿಂದಲ್ಲದೆ ಒಳಗಿನಿಂದಲೇ ಮೂಡಬೇಕು, ಕ್ರಮೇಣ ಮುಂದುವರಿಯಬೇಕು, ದೇಹಕ್ಕೆ ಹಾನಿಕರವಾಗಿರಬೇಕು. ನಲವತ್ತು ದಾಟಿದ ಎಲ್ಲರಿಗೂ ಬರುವ ಚಾಳೀಸು ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಸಕ್ಕರೆ ಕಾಯಿಲೆ ಗೆಲ್ಲುವುದಿಲ್ಲ, ಏಕೆಂದರೆ ತೊಂಬತ್ತು ದಾಟಿದರೂ ಅದು ಬಾರದ ಅನೇಕರಿದ್ದಾರೆ. ಎಲ್ಲರಿಗೂ ಬರುವ ಬದಲಾವಣೆಗಳನ್ನು ಪ್ರಾಥಮಿಕ ಮುಪ್ಪು ಎಂದೂ, ರೋಗ, ತಂಬಾಕು, ಹೊಗೆ, ಅಪೌಷ್ಟಿಕತೆಗಳಿಂದ ಸೇರಿಕೊಳ್ಳುವುದನ್ನು ದ್ವಿತೀಯಕ ಮುಪ್ಪು ಎಂದೂ ವಿಂಗಡಿಸುತ್ತಾರೆ. ಎರಡರ ನಡುವಿನ ಗೆರೆ ಎಲ್ಲ ಕಡೆಯೂ ಸ್ಪಷ್ಟವಾಗಿಲ್ಲ. ಆದರೂ ಆ ಗೆರೆಯನ್ನು ಹುಡುಕುವುದು ಬರೀ ಪುಸ್ತಕದ ಕೆಲಸವಲ್ಲ. ‘ವಯಸ್ಸಾಯಿತು, ಇನ್ನೇನು’ ಎಂದು ಕೈಬಿಟ್ಟ ತೊಂದರೆಗಳಲ್ಲಿ ವಾಸಿಯಾಗುವಂಥವು ಬಹಳ ಇರುತ್ತವೆ.

ಇದನ್ನು ಕೆಲಸದಲ್ಲಿ ಮಾಡಿ ತೋರಿಸಿದವಳು ಇಂಗ್ಲೆಂಡಿನ ವೈದ್ಯೆ ಮಾರ್ಜರಿ ವಾರನ್. 1935ರಲ್ಲಿ ಲಂಡನ್ ಬಳಿಯ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಪಕ್ಕದ ಬಡವರ ಆಸರೆಮನೆ ಸೇರಿಕೊಂಡಾಗ, ಅಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ನೂರಾರು ಮುದುಕ ಮುದುಕಿಯರ ಹೊಣೆ ಅವಳಿಗೆ ಬಂತು. ಒಬ್ಬೊಬ್ಬರನ್ನೂ ಪರೀಕ್ಷಿಸಿ, ರೋಗ ಗುರುತಿಸಿ, ವ್ಯಾಯಾಮ ಮಾಡಿಸಿ, ಎಬ್ಬಿಸಿ ನಡೆಸಿದಳು. ಅವರಲ್ಲಿ ಅನೇಕರು ಮನೆಗೆ ಮರಳಿದರು. ಮುಪ್ಪಿನ ಲಕ್ಷಣವೆಂದುಕೊಂಡಿದ್ದ ಜಡತೆಯ ದೊಡ್ಡ ಪಾಲು ಬಹುಕಾಲ ಮಲಗಿಸಿಟ್ಟದ್ದರ ಫಲವಾಗಿತ್ತು. ಬ್ರಿಟನ್ನಿನ ಜೆರಿಯಾಟ್ರಿಕ್ಸ್ ಬೆಳೆದದ್ದು ಈ ಅನುಭವದ ಮೇಲೆ.

ವಯಸ್ಸಿನ ಅಳತೆಗಳು

ಹುಟ್ಟಿದ ದಿನದಿಂದ ಎಣಿಸುವುದು ಕಾಲಾನುಕ್ರಮದ ವಯಸ್ಸು. ಲೆಕ್ಕಕ್ಕೆ ಅನುಕೂಲವಾದ ಅಳತೆ ಇದು, ಆದರೆ ಬಹಳ ಒರಟು. ಎಪ್ಪತ್ತರ ಒಬ್ಬ ರೈತ ದಿನವಿಡೀ ಹೊಲದಲ್ಲಿರಬಹುದು, ಅದೇ ವಯಸ್ಸಿನ ಇನ್ನೊಬ್ಬನಿಗೆ ಜಗಲಿ ಇಳಿಯುವುದೂ ಕಷ್ಟವಾಗಿರಬಹುದು. ಶಿಶುಗಳಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸಕ್ಕಿಂತ ವೃದ್ಧರಲ್ಲಿ ಇರುವ ವ್ಯತ್ಯಾಸ ಎಷ್ಟೋ ಪಾಲು ದೊಡ್ಡದು. ಹೀಗಾಗಿ ಅಂಗಾಂಗಗಳ ಸ್ಥಿತಿಯನ್ನು ಹೇಳುವ ಜೈವಿಕ ವಯಸ್ಸು, ಕಲಿಕೆ, ನೆನಪು, ಹೊಂದಾಣಿಕೆಗಳನ್ನು ಹೇಳುವ ಮಾನಸಿಕ ವಯಸ್ಸು, ಸಮಾಜ ಒಬ್ಬರಿಂದ ನಿರೀಕ್ಷಿಸುವ ಪಾತ್ರವನ್ನು ಹೇಳುವ ಸಾಮಾಜಿಕ ವಯಸ್ಸು ಎಂಬ ಬೇರೆ ಅಳತೆಗಳು ಹುಟ್ಟಿದವು. ಜೈವಿಕ ವಯಸ್ಸನ್ನು ಅಂಕಿಯಲ್ಲಿ ಹಿಡಿಯುವ ಯತ್ನಗಳಲ್ಲಿ ಸ್ಟೀವ್ ಹೋರ್ವಾತ್ 2013ರಲ್ಲಿ ಪ್ರಕಟಿಸಿದ ಗಡಿಯಾರ ಹೆಸರಾದದ್ದು. ಡಿಎನ್‌ಎಯ 353 ತಾಣಗಳಲ್ಲಿ ಮೀಥೈಲ್ ಗುಂಪುಗಳು ಎಷ್ಟು ಅಂಟಿಕೊಂಡಿವೆ ಎಂಬುದನ್ನು ಅಳೆದು ಅದು ವಯಸ್ಸನ್ನು ಅಂದಾಜಿಸುತ್ತದೆ. ಆ ಮುಳ್ಳು ಏನನ್ನು ತೋರಿಸುತ್ತಿದೆ, ಮುಪ್ಪಿನ ಕಾರಣವನ್ನೋ ಪರಿಣಾಮವನ್ನೋ, ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ವೃದ್ಧಾಪ್ಯದ ಹೊಸ್ತಿಲು ಕಾನೂನಿನದು. ಜರ್ಮನಿಯ ಬಿಸ್ಮಾರ್ಕ್ ಸರ್ಕಾರ 1889ರಲ್ಲಿ ತಂದ ವೃದ್ಧಾಪ್ಯ ಪಿಂಚಣಿಗೆ 70 ವರ್ಷ ತುಂಬಿರಬೇಕಿತ್ತು, 1916ರಲ್ಲಿ ಅದು 65ಕ್ಕೆ ಇಳಿಯಿತು. ಪಶ್ಚಿಮದ ಅನೇಕ ದೇಶಗಳ ಲೆಕ್ಕ ಇಂದಿಗೂ 65ರಿಂದ ಶುರುವಾಗುತ್ತದೆ. ಭಾರತದಲ್ಲಿ ವೃದ್ಧರನ್ನು ಕುರಿತ 1999ರ ರಾಷ್ಟ್ರೀಯ ನೀತಿಯೂ ತಂದೆ ತಾಯಿಯರ ಪಾಲನೆಯ 2007ರ ಕಾಯ್ದೆಯೂ 60 ತುಂಬಿದವರನ್ನು ಹಿರಿಯ ನಾಗರಿಕರೆಂದು ಗುರುತಿಸುತ್ತವೆ. ಅರವತ್ತು ಇಲ್ಲಿ ಕಾನೂನಿಗಿಂತ ಹಳೆಯ ಎಲ್ಲೆ. ಸಂವತ್ಸರಗಳ ಚಕ್ರ ಒಂದು ಸುತ್ತು ಬಂದಾಗ ಷಷ್ಟ್ಯಬ್ದಿ, ಎಂಬತ್ತು ದಾಟಿ ಸಾವಿರ ಹುಣ್ಣಿಮೆ ಕಂಡಾಗ ಸಹಸ್ರ ಚಂದ್ರ ದರ್ಶನ ನಡೆಸುವ ಮನೆಗಳಲ್ಲಿ ಸಾಮಾಜಿಕ ವಯಸ್ಸಿಗೆ ತನ್ನದೇ ಮೈಲಿಗಲ್ಲುಗಳಿವೆ. ಅರವತ್ತರಿಂದ ನೂರರವರೆಗಿನ ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸುವುದು ಸರಿಯಲ್ಲವೆಂದು ಅಮೆರಿಕದ ಬರ್ನೀಸ್ ನ್ಯೂಗಾರ್ಟನ್ 1974ರಲ್ಲಿ ಕಿರಿಯ ವೃದ್ಧರು, ಹಿರಿಯ ವೃದ್ಧರು ಎಂಬ ವಿಭಾಗ ಮಾಡಿದಳು.

ಭಾರತದ ಮಟ್ಟಿಗೆ ಇನ್ನೊಂದು ತೊಡಕಿದೆ. ಜನನ ನೋಂದಣಿ ಇಲ್ಲದ ಕಾಲದಲ್ಲಿ ಹುಟ್ಟಿದವರು ಒಂದು ಬರಗಾಲವನ್ನೋ ಸ್ವಾತಂತ್ರ್ಯ ಬಂದ ವರ್ಷವನ್ನೋ ಹಿಡಿದು ವಯಸ್ಸು ಹೇಳುತ್ತಾರೆ. ಜನಗಣತಿಯ ಪಟ್ಟಿಗಳಲ್ಲಿ 60, 65, 70 ವರ್ಷದವರು ಗುಡ್ಡೆಯಾಗಿ ಕಾಣುವುದೂ ನಡುವಿನ ವರ್ಷಗಳಲ್ಲಿ ಜನ ಕಡಿಮೆ ಇರುವುದೂ ಇದರಿಂದಲೇ. ಸಮೀಕ್ಷೆಗೆ ಹೋಗುವವರು ಸ್ಥಳೀಯ ಘಟನೆಗಳ ಪಟ್ಟಿ ಇಟ್ಟುಕೊಂಡು ಕೇಳಿ ಕೇಳಿ ವಯಸ್ಸನ್ನು ಗೊತ್ತುಮಾಡಬೇಕಾಗುತ್ತದೆ.

ಆಯುಷ್ಯದ ಲೆಕ್ಕ

ಒಂದು ಜೀವಿಜಾತಿಯಲ್ಲಿ ಯಾರಾದರೂ ಬದುಕಿರುವ ಅತಿ ಹೆಚ್ಚು ಕಾಲ ಗರಿಷ್ಠ ಆಯುಷ್ಯ. ಮನುಷ್ಯರಲ್ಲಿ ದಾಖಲೆಯಿರುವ ಗರಿಷ್ಠ ಆಯುಷ್ಯ ಫ್ರಾನ್ಸಿನ ಆರ್ಲ್ ಪಟ್ಟಣದ ಜಾನ್ ಕಾಲ್ಮಾಳದು. 1875ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡಾಗ ಅವಳಿಗೆ 122 ವರ್ಷ 164 ದಿನ. ಸರಾಸರಿ ಆಯುಷ್ಯ ಬೇರೆ. ಒಂದು ವರ್ಷದ ಮರಣ ಪ್ರಮಾಣಗಳು ಹಾಗೇ ಮುಂದುವರಿದರೆ ಆಗ ಹುಟ್ಟಿದ ಮಗು ಸರಾಸರಿ ಎಷ್ಟು ಕಾಲ ಬದುಕಬಹುದು ಎಂಬ ಲೆಕ್ಕ ಅದು. ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ಅದು 32ರ ಆಸುಪಾಸಿನಲ್ಲಿತ್ತು, ಈಗ ಸುಮಾರು 70. ಇದರಿಂದ ಅಂದಿನ ಜನ ಮೂವತ್ತೆರಡಕ್ಕೇ ಮುದುಕರಾಗಿ ಸಾಯುತ್ತಿದ್ದರೆಂದು ತಿಳಿಯಬಾರದು. ಶಿಶುಗಳೂ ಎಳೆಯ ಮಕ್ಕಳೂ ದೊಡ್ಡ ಸಂಖ್ಯೆಯಲ್ಲಿ ತೀರಿಕೊಳ್ಳುತ್ತಿದ್ದುದು ಸರಾಸರಿಯನ್ನು ಕೆಳಗೆಳೆದಿತ್ತು. ಬಾಲ್ಯ ದಾಟಿದವರಲ್ಲಿ ಅರವತ್ತು, ಎಪ್ಪತ್ತು ಕಂಡವರು ಆಗಲೂ ಇದ್ದರು. ಲಸಿಕೆ, ಶುದ್ಧ ನೀರು, ಸೋಂಕಿಗೆ ಔಷಧಿ, ಸುರಕ್ಷಿತ ಹೆರಿಗೆ ಇವು ಹೆಚ್ಚಿಸಿದ್ದು ವೃದ್ಧಾಪ್ಯವನ್ನು ತಲುಪುವವರ ಸಂಖ್ಯೆಯನ್ನು. ಮುಪ್ಪಿನ ವೇಗವನ್ನು ಅವು ತಗ್ಗಿಸಿದವೆಂದು ಹೇಳಲಾಗದು.

ಆ ವೇಗಕ್ಕೆ ಒಂದು ಸೂತ್ರ ಕೊಟ್ಟವನು ವಿಮೆಯ ಲೆಕ್ಕಿಗ ಬೆಂಜಮಿನ್ ಗಾಂಪರ್ಟ್ಸ್. ಪ್ರಾಯ ತುಂಬಿದ ಮೇಲೆ ಸಾವಿನ ಸಂಭವ ಸಮಾನ ಅಂತರಗಳಲ್ಲಿ ಇಮ್ಮಡಿಸುತ್ತ ಹೋಗುತ್ತದೆಂದು ಅವನು 1825ರಲ್ಲಿ ತೋರಿಸಿದ. ಇಂದಿನ ಮನುಷ್ಯರಲ್ಲಿ ಆ ಅಂತರ ಸರಿಸುಮಾರು 8 ವರ್ಷ. ಶ್ರೀಮಂತ ದೇಶವಾಗಲಿ ಬಡ ದೇಶವಾಗಲಿ ಈ ಏರಿಕೆಯ ದರ ಹೆಚ್ಚು ಬದಲಾಗುವುದಿಲ್ಲ, ಏರಿಕೆ ಯಾವ ಮಟ್ಟದಿಂದ ಶುರುವಾಗುತ್ತದೆ ಎಂಬುದು ಬದಲಾಗುತ್ತದೆ.

ಬದುಕಿದ ವರ್ಷಗಳಷ್ಟೇ ಮುಖ್ಯವಾದ ಅಳತೆ ಆರೋಗ್ಯವಾಗಿ ಬದುಕಿದ ವರ್ಷಗಳದು. ಜೇಮ್ಸ್ ಫ್ರೈಸ್ 1980ರಲ್ಲಿ ಮಂಡಿಸಿದ ರೋಗಾವಧಿ ಸಂಕೋಚನದ ವಾದದಂತೆ, ದೀರ್ಘಕಾಲದ ಕಾಯಿಲೆಗಳು ಶುರುವಾಗುವ ವಯಸ್ಸನ್ನು ಮುಂದೂಡಿದರೆ ನರಳಾಟದ ಕಾಲ ಆಯುಷ್ಯದ ಕೊನೆಯ ಅಲ್ಪ ಅವಧಿಗೆ ಕುಗ್ಗುತ್ತದೆ. ಕೆಲವು ಸಮೂಹಗಳಲ್ಲಿ, ಮುಖ್ಯವಾಗಿ ತಂಬಾಕು ಬಿಟ್ಟು ದೇಹ ದಂಡಿಸುವವರಲ್ಲಿ, ಹಾಗೆ ಆದದ್ದುಂಟು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ನಲವತ್ತಕ್ಕೂ ಮೊದಲೇ ಅಂಟಿಕೊಳ್ಳುವ ನಾಡುಗಳಲ್ಲಿ ಆಯುಷ್ಯದ ಜೊತೆ ಕಾಯಿಲೆಯ ಕಾಲವೂ ಉದ್ದವಾಗುವ ಅಪಾಯ ನಿಜವಾದದ್ದು.

ಅಧ್ಯಯನದ ವಿಧಾನಗಳು

ಇಂದು ಮೂವತ್ತರವರನ್ನೂ ಎಪ್ಪತ್ತರವರನ್ನೂ ಒಟ್ಟಿಗೆ ಪರೀಕ್ಷಿಸಿ ಹೋಲಿಸುವುದು ಅಡ್ಡಸೀಳು ವಿಧಾನ. ಅದು ಬೇಗ ಮುಗಿಯುತ್ತದೆ, ಆದರೆ ಮೋಸಗೊಳಿಸುತ್ತದೆ. ಎಪ್ಪತ್ತರವರು ಕಡಿಮೆ ಓದಿದವರಾಗಿರಬಹುದು, ಹಸಿವು ಕಂಡು ಬೆಳೆದವರಾಗಿರಬಹುದು. ಅವರ ಅಂಕ ಕಡಿಮೆ ಬಂದರೆ ಅದು ವಯಸ್ಸಿನ ಫಲವೋ ಹುಟ್ಟಿದ ಕಾಲದ ಫಲವೋ ಎಂದು ಹೇಳಲಾಗದು. ಹುಟ್ಟಿದ ಕಾಲದ ಈ ಪ್ರಭಾವವನ್ನು ತಲೆಮಾರಿನ ಪರಿಣಾಮ ಎನ್ನುತ್ತಾರೆ. ಇದನ್ನು ಬೇರ್ಪಡಿಸಲು ಅದೇ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ದೀರ್ಘಾವಧಿ ಅಧ್ಯಯನ ಬೇಕು. 1956ರಲ್ಲಿ ವಾರ್ನರ್ ಶಾಯಿ ಶುರುಮಾಡಿದ ಸಿಯಾಟಲ್ ಅಧ್ಯಯನ ಎರಡು ವಿಧಾನಗಳನ್ನೂ ಹೆಣೆಯಿತು. ಅಡ್ಡಸೀಳಿನಲ್ಲಿ ಮೂವತ್ತರಿಂದಲೇ ಇಳಿಯುವಂತೆ ಕಾಣುತ್ತಿದ್ದ ಬುದ್ಧಿಶಕ್ತಿಯ ಹಲವು ಅಂಶಗಳು, ಒಬ್ಬೊಬ್ಬರನ್ನೇ ಹಿಂಬಾಲಿಸಿದಾಗ ಅರವತ್ತರವರೆಗೂ ಹೆಚ್ಚು ಕಡಿಮೆ ನಿಂತಲ್ಲೇ ನಿಂತಿದ್ದವು. 1958ರಲ್ಲಿ ಶುರುವಾದ ಬಾಲ್ಟಿಮೋರ್ ಅಧ್ಯಯನ ಮೂತ್ರಪಿಂಡದ ವಿಷಯದಲ್ಲಿ ಇಂಥದೇ ಅಚ್ಚರಿ ಕೊಟ್ಟಿತು. ಸರಾಸರಿಯಲ್ಲಿ ಅದರ ಸೋಸುವ ಶಕ್ತಿ ವಯಸ್ಸಿನೊಂದಿಗೆ ಇಳಿಯುತ್ತಿದ್ದರೂ ಸುಮಾರು ಮೂರನೇ ಒಂದು ಭಾಗದ ಜನರಲ್ಲಿ ಇಳಿಯಲೇ ಇಲ್ಲ. ಆ ಅಧ್ಯಯನದಲ್ಲೂ ಒಂದು ಕೊರತೆಯಿತ್ತು: ಮೊದಲ ಇಪ್ಪತ್ತು ವರ್ಷ ಅದರಲ್ಲಿ ಹೆಂಗಸರೇ ಇರಲಿಲ್ಲ.

ದೀರ್ಘಾವಧಿ ಅಧ್ಯಯನಕ್ಕೂ ಮಿತಿಗಳಿವೆ. ಸೊರಗಿದವರು, ಊರು ಬಿಟ್ಟವರು, ಸತ್ತವರು ಕೈತಪ್ಪುತ್ತಾರೆ. ಉಳಿದವರು ಗಟ್ಟಿಗರಾದ್ದರಿಂದ ಚಿತ್ರ ನಿಜಕ್ಕಿಂತ ಹಸನಾಗಿ ಕಾಣುತ್ತದೆ.

ಭಾರತದಲ್ಲಿ 2017–18ರಲ್ಲಿ ಮೊದಲ ಸುತ್ತು ನಡೆದ ರಾಷ್ಟ್ರೀಯ ದೀರ್ಘಾವಧಿ ಅಧ್ಯಯನ ಲಾಸಿ, 45 ದಾಟಿದ 72,000ಕ್ಕೂ ಹೆಚ್ಚು ಜನರನ್ನು ಒಳಗೊಂಡಿತು. ಕರ್ನಾಟಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ 10,000 ಹಳ್ಳಿಗರನ್ನು ಗುರಿಯಾಗಿಟ್ಟುಕೊಂಡು ಮಿದುಳಿನ ಮುಪ್ಪನ್ನು ಹಿಂಬಾಲಿಸುತ್ತಿದೆ. ಈ ವಿಷಯದ ಜ್ಞಾನ ಬಹುಪಾಲು ಪಶ್ಚಿಮದ ನಗರವಾಸಿಗಳಿಂದ ಬಂದಿರುವಾಗ ಇಂಥ ಅಧ್ಯಯನದ ಬೆಲೆ ದೊಡ್ಡದು.

ಮೈಸೂರಿನ ಒಂದು ಹಳೆಯ ದಾಖಲೆ ಈ ಕ್ಷೇತ್ರದ ವ್ಯಾಪ್ತಿಯನ್ನೇ ಹಿಗ್ಗಿಸಿತು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಶಿಶುಗಳ ಹುಟ್ಟುತೂಕವನ್ನು ಬರೆದಿಟ್ಟಿತ್ತು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಹೆಚ್ಚಾಗಿತ್ತು. 1996ರಲ್ಲಿ ಪ್ರಕಟವಾದ ಈ ಫಲಿತಾಂಶ, ಮುಪ್ಪಿನ ಕಾಯಿಲೆಗಳ ಬೇರು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಇಳಿದಿರಬಹುದೆಂಬ ಡೇವಿಡ್ ಬಾರ್ಕರ್‌ನ ವಾದಕ್ಕೆ ಇಂಗ್ಲೆಂಡಿನ ಹೊರಗಿನಿಂದ ಸಿಕ್ಕ ಗಟ್ಟಿ ಆಧಾರಗಳಲ್ಲಿ ಒಂದು. ವೃದ್ಧಾಪ್ಯವನ್ನು ಬದುಕಿನ ಕೊನೆಯ ಅಧ್ಯಾಯವಾಗಿ ಮಾತ್ರ ನೋಡದೆ ಇಡೀ ಬಾಳಿನ ಹಾದಿಯಲ್ಲಿಟ್ಟು ನೋಡುವ ದೃಷ್ಟಿ ಇಂಥ ಕೆಲಸದಿಂದ ಬಲವಾಯಿತು.

ಮುಪ್ಪು ಏಕೆ

ನೈಸರ್ಗಿಕ ಆಯ್ಕೆ ಜೀವಿಗಳನ್ನು ಇಷ್ಟು ನಾಜೂಕಾಗಿ ರೂಪಿಸಿರುವಾಗ ಅವು ಮುದಿಯಾಗುವುದನ್ನು ಏಕೆ ಉಳಿಸಿದೆ? ಮುಂದಿನ ಪೀಳಿಗೆಗೆ ಜಾಗ ಬಿಡಲೆಂದು ಮುದಿ ಜೀವಿಗಳು ಸಾಯುತ್ತವೆ ಎಂಬ ಹಳೆಯ ಉತ್ತರವನ್ನು ಜೀವಶಾಸ್ತ್ರ ಒಪ್ಪುವುದಿಲ್ಲ. ಕಾಡಿನ ಬಹುಪಾಲು ಪ್ರಾಣಿಗಳು ಮುಪ್ಪು ತಲುಪುವ ಮೊದಲೇ ಹಸಿವು, ಚಳಿ, ಬೇಟೆಗೆ ಬಲಿಯಾಗುತ್ತವೆ. ಸಂತಾನ ಪಡೆದಾದ ಮೇಲೆ ಕೆಡುಕು ತೋರುವ ಜೀನನ್ನು ಆಯ್ಕೆ ಹಿಡಿಯಲಾರದು. ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಹಂಟಿಂಗ್ಟನ್ ಕಾಯಿಲೆಯನ್ನು ಈ ದೃಷ್ಟಿಯಿಂದ ಗಮನಿಸಿದವನು ಜೆ.ಬಿ.ಎಸ್. ಹಾಲ್ಡೇನ್, ಮುಂದೆ ಭಾರತಕ್ಕೆ ಬಂದು ಭುವನೇಶ್ವರದಲ್ಲಿ ನೆಲೆಸಿದ ವಿಜ್ಞಾನಿ. ಪೀಟರ್ ಮೆಡಾವರ್ 1952ರಲ್ಲಿ ಇದನ್ನು ಸಿದ್ಧಾಂತವಾಗಿ ಬೆಳೆಸಿದ. 1957ರಲ್ಲಿ ಜಾರ್ಜ್ ವಿಲಿಯಮ್ಸ್ ಒಂದು ಹೆಜ್ಜೆ ಮುಂದೆ ಹೋಗಿ, ಯೌವನದಲ್ಲಿ ಉಪಕಾರ ಮಾಡಿ ಮುಪ್ಪಿನಲ್ಲಿ ಅಪಕಾರ ಮಾಡುವ ಜೀನುಗಳನ್ನು ಆಯ್ಕೆ ಪೋಷಿಸಿಯೇ ತೀರುತ್ತದೆ ಎಂದ. 1977ರಲ್ಲಿ ಥಾಮಸ್ ಕರ್ಕ್‌ವುಡ್ ಶಕ್ತಿಯ ಹಂಚಿಕೆಯ ಲೆಕ್ಕ ತಂದ. ಆಹಾರ ಮಿತವಾಗಿರುವಾಗ ದೇಹವನ್ನು ರಿಪೇರಿ ಮಾಡುತ್ತ ಕೂರುವುದಕ್ಕಿಂತ ಸಂತಾನಕ್ಕೆ ಖರ್ಚು ಮಾಡುವುದು ಜೀನುಗಳಿಗೆ ಲಾಭ.

ಬೇಟೆಯ ಭಯ ಕಡಿಮೆಯಿದ್ದ ಕಡೆ ಮುಪ್ಪು ನಿಧಾನವಾಗಬೇಕೆಂದು ಈ ವಾದಗಳು ಹೇಳುತ್ತವೆ. ಇಲಿ ಎರಡು ಮೂರು ವರ್ಷ ಬದುಕುತ್ತದೆ. ಅದಕ್ಕಿಂತ ಚಿಕ್ಕದಾದ, ಹಾರಿ ತಪ್ಪಿಸಿಕೊಳ್ಳಬಲ್ಲ ಬ್ರಾಂಟ್ ಬಾವಲಿ ಸೈಬೀರಿಯಾದಲ್ಲಿ 41 ವರ್ಷ ಬದುಕಿದ್ದು ದಾಖಲಾಗಿದೆ.

ಜೀವಕೋಶದ ಮಟ್ಟದಲ್ಲಿ

ಜೀವಕೋಶಗಳು ತಾವಾಗಿ ಮುದಿಯಾಗುವುದಿಲ್ಲ ಎಂಬ ನಂಬಿಕೆ ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಬೇರೂರಿತ್ತು. ಅಲೆಕ್ಸಿಸ್ ಕರೆಲ್‌ನ ಪ್ರಯೋಗಾಲಯ ಕೋಳಿ ಭ್ರೂಣದ ಹೃದಯದ ಕೋಶಗಳನ್ನು 1912ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಬೆಳೆಸಿದೆ ಎಂದು ಹೇಳಿಕೊಂಡದ್ದು ಇದಕ್ಕೆ ಕಾರಣ. 1961ರಲ್ಲಿ ಫಿಲಡೆಲ್ಫಿಯಾದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಮನುಷ್ಯನ ಸಾಮಾನ್ಯ ಕೋಶಗಳು ಸುಮಾರು 50 ಬಾರಿ ಒಡೆದು ನಿಂತುಬಿಡುತ್ತವೆ ಎಂದು ತೋರಿಸಿ ಆ ನಂಬಿಕೆಯನ್ನು ಕೆಡವಿದರು. ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್ ಪ್ರತಿ ವಿಭಜನೆಯಲ್ಲೂ ಸ್ವಲ್ಪ ಸ್ವಲ್ಪ ಸವೆಯುವುದು ಇದಕ್ಕೆ ಮುಖ್ಯ ಕಾರಣ. ಸವೆತವನ್ನು ತುಂಬಿಕೊಡುವ ಟೆಲೊಮರೇಸ್ ಕಿಣ್ವ ಬಹುಪಾಲು ಕ್ಯಾನ್ಸರ್ ಕೋಶಗಳಲ್ಲಿ ಚುರುಕಾಗಿರುತ್ತದೆ. ಕೋಶಗಳಿಗೆ ಹಾಕಿದ ಮಿತಿ ಒಂದು ಮಟ್ಟಿಗೆ ಕ್ಯಾನ್ಸರಿಗೆ ಹಾಕಿದ ತಡೆಯೂ ಹೌದು. ಟೆಲೊಮಿಯರ್, ಟೆಲೊಮರೇಸ್‌ಗಳ ಶೋಧಕ್ಕೆ ಎಲಿಜಬೆತ್ ಬ್ಲಾಕ್‌ಬರ್ನ್, ಕರೋಲ್ ಗ್ರೈಡರ್, ಜಾಕ್ ಶೋಸ್ಟಾಕ್ 2009ರ ನೊಬೆಲ್ ಪಡೆದರು. ವಿಭಜನೆ ನಿಲ್ಲಿಸಿದ ಮುದಿಕೋಶಗಳು ಸುಮ್ಮನೆ ಕೂರುವುದಿಲ್ಲ. ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನು ಸುತ್ತ ಸುರಿಯುತ್ತವೆ.

ಡೆನ್ಹಮ್ ಹಾರ್ಮನ್ 1956ರಲ್ಲಿ ಮಂಡಿಸಿದ ಫ್ರೀ ರ‍್ಯಾಡಿಕಲ್ ಸಿದ್ಧಾಂತ ಜನಪ್ರಿಯವಾದಷ್ಟು ಬೇರೆ ಯಾವುದೂ ಆಗಲಿಲ್ಲ. ಉಸಿರಾಟದ ಆಮ್ಲಜನಕದಿಂದ ಹುಟ್ಟುವ ಚುರುಕು ಅಣುಗಳು ಕೋಶವನ್ನು ಹಾಳುಮಾಡುತ್ತವೆ ಎಂಬುದು ಅದರ ಸಾರ. ಹಾನಿ ನಿಜ. ಆದರೆ ಅದನ್ನು ತಡೆಯುತ್ತವೆಂದು ಮಾರುವ ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳು ಆಯುಷ್ಯ ಹೆಚ್ಚಿಸಿದ ಪುರಾವೆ ಇಲ್ಲ. ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ಬೀಟಾ ಕ್ಯಾರೊಟಿನ್ ಕೊಟ್ಟ ದೊಡ್ಡ ಪ್ರಯೋಗದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿತೆಂದು 1994ರಲ್ಲಿ ತಿಳಿದುಬಂತು. ಮಾರುಕಟ್ಟೆ ಈ ಪಾಠ ಕಲಿತಿಲ್ಲ.

ಪ್ರಯೋಗದಿಂದ ಆಯುಷ್ಯ ಬದಲಿಸುವ ದಾರಿ 1935ರಲ್ಲಿ ತೆರೆಯಿತು. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಪೋಷಕಾಂಶಗಳಿಗೆ ಕೊರತೆಯಾಗದಂತೆ ಆಹಾರವನ್ನು ಕಡಿತಗೊಳಿಸಿದಾಗ ಇಲಿಗಳು ಹೆಚ್ಚು ಕಾಲ ಬದುಕಿದವು. ಮಂಗಗಳಲ್ಲಿ ಎರಡು ದೀರ್ಘ ಪ್ರಯೋಗಗಳು ಆಯುಷ್ಯದ ವಿಷಯದಲ್ಲಿ ಬೇರೆ ಬೇರೆ ಉತ್ತರ ಕೊಟ್ಟವು. 1993ರಲ್ಲಿ ಸಿಂಥಿಯಾ ಕೆನ್ಯನ್ ಒಂದು ಸಣ್ಣ ಹುಳುವಿನಲ್ಲಿ ಡಿಎಎಫ್-2 ಎಂಬ ಒಂದೇ ಜೀನು ಬದಲಾದರೆ ಆಯುಷ್ಯ ಇಮ್ಮಡಿಗಿಂತ ಹೆಚ್ಚಾಗುವುದನ್ನು ಕಂಡಳು. ಆ ಜೀನು ಇನ್ಸುಲಿನ್ ಸಂಕೇತದ ದಾರಿಗೆ ಸೇರಿದ್ದು. ಪೋಷಕಾಂಶವನ್ನು ಗ್ರಹಿಸುವ ವ್ಯವಸ್ಥೆಗೂ ಮುಪ್ಪಿಗೂ ಇರುವ ನಂಟು ಹೀಗೆ ಸ್ಪಷ್ಟವಾಯಿತು. ಕಾರ್ಲೋಸ್ ಲೋಪೆಸ್-ಓಟಿನ್ ಮತ್ತು ಸಂಗಡಿಗರು 2013ರಲ್ಲಿ ಡಿಎನ್‌ಎ ಹಾನಿಯಿಂದ ಹಿಡಿದು ಕಾಂಡಕೋಶಗಳ ಬತ್ತುವಿಕೆಯವರೆಗೆ ಮುಪ್ಪಿನ 9 ಹೆಗ್ಗುರುತುಗಳನ್ನು ಪಟ್ಟಿಮಾಡಿದರು, 2023ರಲ್ಲಿ ಅವು 12 ಆದವು. ಪಟ್ಟಿ ಬೆಳೆಯುತ್ತಿರುವುದೇ ಮುಪ್ಪಿಗೆ ಒಂದೇ ಕೀಲಿ ಇಲ್ಲವೆಂಬುದಕ್ಕೆ ಸೂಚನೆ. ಆಯುಷ್ಯದಲ್ಲಿ ವಂಶದ ಪಾಲು ಎಷ್ಟೆಂಬುದಕ್ಕೆ ಡೆನ್ಮಾರ್ಕಿನ ಅವಳಿಗಳ ಅಧ್ಯಯನ ಕೊಟ್ಟ ಅಂದಾಜು ಸುಮಾರು ನಾಲ್ಕನೇ ಒಂದು.

ದೇಹದ ಮೀಸಲು ಶಕ್ತಿ

ಹೃದಯ, ಮೂತ್ರಪಿಂಡ, ಶ್ವಾಸಕೋಶಗಳಲ್ಲಿ ದಿನದ ಅಗತ್ಯಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಶಕ್ತಿ ಇರುತ್ತದೆ. ವಯಸ್ಸಿನೊಂದಿಗೆ ಮೊದಲು ಕರಗುವುದು ಈ ಮೀಸಲು. ಬೇಸಿಗೆಯ ಬಾವಿಯಂತೆ, ಮನೆಯ ಬಳಕೆಗೆ ನೀರು ಸಾಲುತ್ತದೆ, ಮದುವೆಗೆ ನೆಂಟರು ಬಂದಿಳಿದರೆ ತಳ ಕಾಣುತ್ತದೆ. ಆರಾಮವಾಗಿ ಕಾಣುತ್ತಿದ್ದ ಎಂಬತ್ತರ ಅಜ್ಜಿ ಒಂದು ಭೇದಿ, ಒಂದು ಜ್ವರ, ಒಂದು ಬಿಸಿಗಾಳಿಗೆ ಕುಸಿದುಬೀಳುವುದು ಇದರಿಂದ. ಬಾಯಾರಿಕೆಯ ಅರಿವೂ ಮಂದವಾಗುವುದರಿಂದ ನೀರಿನ ಕೊರತೆ ಅವರಿಗೇ ತಿಳಿಯುವುದಿಲ್ಲ.

ಕಾಯಿಲೆಯ ಲಕ್ಷಣಗಳೂ ಪಠ್ಯಪುಸ್ತಕದಂತೆ ಇರುವುದಿಲ್ಲ. ನ್ಯುಮೋನಿಯಾ ಜ್ವರವಿಲ್ಲದೆ ಬರಬಹುದು, ಹೃದಯಾಘಾತ ಎದೆನೋವಿಲ್ಲದೆ ಆಗಬಹುದು. ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದವರು ಇಂದು ಇದ್ದಕ್ಕಿದ್ದಂತೆ ತಬ್ಬಿಬ್ಬಾದರೆ ಅದು ಸನ್ನಿ, ಅಂದರೆ ಡೆಲಿರಿಯಂ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿತ, ಹೊಸದಾಗಿ ಶುರುಮಾಡಿದ ಮಾತ್ರೆ ಇವೆಲ್ಲ ಅದಕ್ಕೆ ಕಾರಣವಾಗಬಹುದು. ಅದನ್ನು ‘ಅರವತ್ತಕ್ಕೆ ಅರಳು ಮರಳು’ ಎಂದು ತಳ್ಳಿಹಾಕಿದರೆ ಗುಣವಾಗುವ ಕಾಯಿಲೆಯಿಂದ ಜೀವ ಹೋಗುತ್ತದೆ. ಹಲವು ವೈದ್ಯರು ಬರೆದುಕೊಟ್ಟ ಹಲವು ಮಾತ್ರೆಗಳು ಒಟ್ಟು ಸೇರಿ ತೊಂದರೆ ಕೊಡುವುದೂ ಸಾಮಾನ್ಯ. ವೃದ್ಧರಲ್ಲಿ ತಪ್ಪಿಸಬೇಕಾದ ಔಷಧಿಗಳ ಪಟ್ಟಿಯನ್ನು ಮಾರ್ಕ್ ಬಿಯರ್ಸ್ 1991ರಲ್ಲಿ ಮೊದಲು ಹೊರತಂದ.

ಸ್ನಾಯು ಮತ್ತು ಬಲ ಕರಗುವುದನ್ನು 1989ರಿಂದ ಸಾರ್ಕೊಪೀನಿಯಾ ಎಂದು ಕರೆಯುತ್ತಾರೆ. ಬಲ ಹೆಚ್ಚಿಸುವ ವ್ಯಾಯಾಮ ಎಂಬತ್ತು, ತೊಂಬತ್ತರಲ್ಲೂ ಫಲ ಕೊಡುತ್ತದೆ. ಮೀಸಲು ಎಲ್ಲ ಕಡೆಯೂ ಬತ್ತಿದ ಸ್ಥಿತಿಗೆ ಬಳಲಿಕೆಯ ದೇಹಸ್ಥಿತಿ ಎನ್ನಬಹುದು. ಲಿಂಡಾ ಫ್ರೀಡ್ 2001ರಲ್ಲಿ ಇದಕ್ಕೆ ಐದು ಗುರುತುಗಳನ್ನು ಕೊಟ್ಟಳು: ಕಾರಣವಿಲ್ಲದೆ ತೂಕ ಇಳಿಯುವುದು, ಸದಾ ಆಯಾಸ, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರಿದ್ದರೆ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ, ಆಸ್ಪತ್ರೆ ಸೇರುವ ಸಂಭವ ಹೆಚ್ಚು.

ರೋಗಗಳ ಪಟ್ಟಿಗಿಂತ ಒಬ್ಬರು ಏನೇನು ಮಾಡಬಲ್ಲರು ಎಂಬುದು ವೃದ್ಧರ ಸ್ಥಿತಿಯನ್ನು ಚೆನ್ನಾಗಿ ಹೇಳುತ್ತದೆ. ಸಿಡ್ನಿ ಕಾಟ್ಸ್ 1963ರಲ್ಲಿ ರೂಪಿಸಿದ ಸೂಚಿ ಸ್ನಾನ, ಬಟ್ಟೆ, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹತೋಟಿ, ಊಟ ಎಂಬ ಆರನ್ನು ನೋಡುತ್ತದೆ. ಅಡುಗೆ, ಅಂಗಡಿ, ಹಣಕಾಸು, ಬಸ್ ಪ್ರಯಾಣದಂಥವನ್ನು ಸೇರಿಸಿದ ಇನ್ನೊಂದು ಸೂಚಿ 1969ರಲ್ಲಿ ಬಂತು. ಇಲ್ಲಿ ಎಚ್ಚರ ಬೇಕು: ಎಂದೂ ಒಲೆ ಹಚ್ಚದ ಗಂಡಸು, ಎಂದೂ ಬ್ಯಾಂಕಿಗೆ ಹೋಗದ ಹೆಂಗಸು ಇರುವ ಮನೆಗಳಲ್ಲಿ ಈ ಪ್ರಶ್ನೆಗಳ ಉತ್ತರ ಸಾಮರ್ಥ್ಯವನ್ನು ಹೇಳುವುದಿಲ್ಲ. 2015ರ ವರದಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯಕರ ವೃದ್ಧಾಪ್ಯವನ್ನು ಕಾಯಿಲೆಯಿಲ್ಲದ ಸ್ಥಿತಿಯೆಂದು ಹೇಳದೆ, ತಾವು ಬೆಲೆಕೊಡುವುದನ್ನು ಮಾಡಬಲ್ಲ ಸ್ಥಿತಿಯೆಂದು ಹೇಳಿತು. ಮಂಡಿ ನೋವಿದ್ದರೂ ಕೈಹಿಡಿಕೆಯಿರುವ ಮೆಟ್ಟಿಲು, ತಗ್ಗು ನೆಲದ ಬಸ್ಸು, ಕೂರುವ ಕಮೋಡು ಸಿಕ್ಕರೆ ಓಡಾಟ ಸಾಧ್ಯ ಎಂಬ ತಿಳಿವಳಿಕೆ ಅದರಲ್ಲಿದೆ.

ಮನಸ್ಸು ಮತ್ತು ಮರೆವು

ಬುದ್ಧಿಯ ಎಲ್ಲ ಅಂಶಗಳೂ ಒಟ್ಟಿಗೆ ಇಳಿಯುವುದಿಲ್ಲ. ರೇಮಂಡ್ ಕ್ಯಾಟೆಲ್ ಮತ್ತು ಜಾನ್ ಹಾರ್ನ್ ಮಾಡಿದ ವಿಂಗಡಣೆಯಂತೆ, ಹೊಸ ಸಮಸ್ಯೆಯನ್ನು ಬೇಗ ಬಿಡಿಸುವ ದ್ರವ ಬುದ್ಧಿ ನಡುಪ್ರಾಯದಿಂದಲೇ ನಿಧಾನವಾಗುತ್ತದೆ. ಪದಸಂಪತ್ತು, ಲೋಕಜ್ಞಾನ, ಕಸುಬಿನ ತಿಳಿವಳಿಕೆ ಸೇರಿದ ಗಟ್ಟಿಗೊಂಡ ಬುದ್ಧಿ ಎಪ್ಪತ್ತರವರೆಗೂ ಉಳಿಯುತ್ತದೆ, ಕೆಲವರಲ್ಲಿ ಬೆಳೆಯುತ್ತದೆ. ಪಾಲ್ ಬಾಲ್ಟೆಸ್ ಹೇಳಿದ ಆಯ್ಕೆ, ಅಭ್ಯಾಸ, ಪರಿಹಾರ ಎಂಬ ಮೂರು ಉಪಾಯಗಳಿಗೆ ಅವನೇ ಕೊಡುತ್ತಿದ್ದ ಉದಾಹರಣೆ ಪಿಯಾನೊ ವಾದಕ ಆರ್ತರ್ ರೂಬಿನ್‌ಸ್ಟೈನ್. ಎಂಬತ್ತರಲ್ಲಿ ಅವನು ಕಡಿಮೆ ಕೃತಿಗಳನ್ನು ಆರಿಸಿಕೊಂಡ, ಅವನ್ನೇ ಹೆಚ್ಚು ಅಭ್ಯಾಸ ಮಾಡಿದ, ವೇಗದ ಭಾಗಕ್ಕೆ ಮುಂಚಿನದನ್ನು ನಿಧಾನಿಸಿ ನುಡಿಸಿ ವೇಗದ ಅನುಭವ ಉಳಿಸಿದ.

ಹೆಸರು ನಾಲಗೆಯ ತುದಿಗೆ ಬಂದು ನಿಲ್ಲುವುದು ವಯಸ್ಸಿನ ಮರೆವು. ದಿನವೂ ನಡೆದ ದಾರಿಯಲ್ಲಿ ಮನೆ ಗೊತ್ತಾಗದಿರುವುದು ಕಾಯಿಲೆ. ಅಲೊಯಿಸ್ ಆಲ್ಝೈಮರ್ 1906ರಲ್ಲಿ ವಿವರಿಸಿದ ರೋಗಿಗೆ ಕಾಯಿಲೆ ಶುರುವಾದದ್ದು ಐವತ್ತರ ಸುಮಾರಿಗೆ. ಆದ್ದರಿಂದ ಅದನ್ನು ಬಹುಕಾಲ ನಡುವಯಸ್ಸಿನ ಅಪರೂಪದ ರೋಗವೆಂದು ಭಾವಿಸಿ, ಮುದುಕರ ಮರೆವನ್ನು ಸಹಜವೆಂದು ಬಿಟ್ಟಿದ್ದರು. ಮಿದುಳಿನಲ್ಲಿ ಕಾಣುವ ಬದಲಾವಣೆ ಎರಡು ಕಡೆಯೂ ಒಂದೇ ಎಂಬುದು 1960ರ ದಶಕದ ನಂತರ ಖಚಿತವಾಯಿತು. ಇಂಥ ಮರೆವಿನ ಕಾಯಿಲೆಗಳ ಒಟ್ಟು ಹೆಸರಾದ ಡಿಮೆನ್ಷಿಯಾದ ಪರೀಕ್ಷೆಗಳು ಓದು ಬರಹ ಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ 1990ರ ದಶಕದಲ್ಲಿ ಅಕ್ಷರ ಬಾರದವರಿಗೆ ಒಗ್ಗುವ ಹಿಂದಿ ಪರೀಕ್ಷೆ ರೂಪುಗೊಂಡಿತು. ವೈದ್ಯಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಡಿಮೆನ್ಷಿಯಾದ ಸುಮಾರು ಶೇ 45ರಷ್ಟು ಪ್ರಕರಣಗಳ ಹಿಂದೆ ಬದಲಿಸಬಹುದಾದ 14 ಕಾರಣಗಳಿವೆ ಎಂದು ಅಂದಾಜಿಸಿತು. ಕಡಿಮೆ ಶಾಲಾ ಶಿಕ್ಷಣ, ಕಿವಿ ಕೇಳಿಸದಿರುವುದು, ರಕ್ತದೊತ್ತಡ, ಕಲುಷಿತ ಗಾಳಿ, ಒಂಟಿತನ ಅವುಗಳಲ್ಲಿ ಕೆಲವು.

ಸಮಾಜದಲ್ಲಿ ಮುಪ್ಪು

ಎಲೇನ್ ಕಮಿಂಗ್ ಮತ್ತು ವಿಲಿಯಂ ಹೆನ್ರಿ 1961ರಲ್ಲಿ, ವೃದ್ಧರು ಸಮಾಜದಿಂದ ಹಿಂದೆ ಸರಿಯುವುದು ಸಹಜ, ಇಬ್ಬರಿಗೂ ಹಿತ ಎಂದರು. ವಾನಪ್ರಸ್ಥದ ಕಲ್ಪನೆ ಬಲ್ಲವರಿಗೆ ಇದು ಹೊಸದಾಗಿ ಕಾಣದು. ಆದರೆ ತಾವಾಗಿ ಸರಿಯುವುದಕ್ಕೂ ಸರಿಸಲ್ಪಡುವುದಕ್ಕೂ ಇರುವ ಅಂತರವನ್ನು ಆ ಸಿದ್ಧಾಂತ ಗಮನಿಸಲಿಲ್ಲ. ಚಟುವಟಿಕೆಯೇ ಸಂತೃಪ್ತಿಯ ಮೂಲವೆಂಬ ವಾದವೂ, ಜನ ತಮ್ಮ ಹಿಂದಿನ ಸ್ವಭಾವವನ್ನೇ ಮುಂದುವರಿಸುತ್ತಾರೆಂಬ ವಾದವೂ ಅದಕ್ಕೆದುರಾಗಿ ಬಂದವು. ವಯಸ್ಸಿನ ಕಾರಣಕ್ಕೆ ಕೀಳಾಗಿ ಕಾಣುವುದಕ್ಕೆ ರಾಬರ್ಟ್ ಬಟ್ಲರ್ 1969ರಲ್ಲಿ ಏಜಿಸಂ ಎಂಬ ಹೆಸರಿಟ್ಟ. ತಮ್ಮ ಮುಪ್ಪನ್ನು ಒಳ್ಳೆಯ ಮನಸ್ಸಿನಿಂದ ನೋಡುವವರು ಇತರರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದರೆಂದು ಓಹಾಯೋದ ಒಂದು ಪಟ್ಟಣದ ಜನರ ಮೇಲಿನ ಬೆಕಾ ಲೆವಿಯ 2002ರ ಅಧ್ಯಯನ ಹೇಳಿತು.

ಜನಸಂಖ್ಯೆಗೂ ಮುಪ್ಪು ಬರುತ್ತದೆ. ಅದಕ್ಕೆ ಮುಖ್ಯ ಕಾರಣ ಆಯುಷ್ಯ ಹೆಚ್ಚಿದ್ದಕ್ಕಿಂತ ಹುಟ್ಟುವ ಮಕ್ಕಳು ಕಡಿಮೆಯಾದದ್ದು. 65 ದಾಟಿದವರ ಪಾಲು ಶೇ 7ರಿಂದ 14ಕ್ಕೆ ಏರಲು ಫ್ರಾನ್ಸಿಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು, ಜಪಾನಿಗೆ 1970ರಿಂದ 1994ರವರೆಗಿನ ಅವಧಿ ಸಾಕಾಯಿತು. ಭಾರತದ 2011ರ ಜನಗಣತಿಯಲ್ಲಿ 60 ದಾಟಿದವರು ಸುಮಾರು 10.4 ಕೋಟಿ, ಅಂದರೆ ಶೇ 8.6. ಕರ್ನಾಟಕದಲ್ಲಿ ಈ ಪಾಲು ಶೇ 9.5, ಕೇರಳದಲ್ಲಿ 12.6. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು, ಹೀಗಾಗಿ ಆ ಪಾಲು ಏರುತ್ತಲೇ ಇರುತ್ತದೆ. ಹಿರಿಯ ವೃದ್ಧರಲ್ಲಿ ಹೆಂಗಸರೇ ಹೆಚ್ಚು, ಅವರಲ್ಲಿ ವಿಧವೆಯರು ಬಹಳ. ಜೀವನವಿಡೀ ಕೂಲಿಯಿಲ್ಲದೆ ಮನೆಗೆ, ಹೊಲಕ್ಕೆ ದುಡಿದು ಸ್ವಂತ ಆಸ್ತಿ, ಪಿಂಚಣಿ ಎರಡೂ ಇಲ್ಲದೆ ಉಳಿಯುವವರೂ ಅವರೇ.

2007ರಲ್ಲಿ ಕರ್ನಾಟಕದಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ಯೋಜನೆ ಬಂತು. ಅದೇ ವರ್ಷದ ಕೇಂದ್ರದ ಕಾಯ್ದೆ ತಂದೆ ತಾಯಿಯರ ಪಾಲನೆಯನ್ನು ಮಕ್ಕಳ ಕಾನೂನುಬದ್ಧ ಹೊಣೆಯನ್ನಾಗಿಸಿತು. ದೂರನ್ನು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಕೇಳುತ್ತದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಮಕ್ಕಳಿಗೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ವಾಪಸು ಪಡೆಯಲು ಅದರ 23ನೇ ಕಲಮು ಅವಕಾಶ ಕೊಡುತ್ತದೆ. 2010–11ರಲ್ಲಿ ಶುರುವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಲ್ಲಿ ವೃದ್ಧರಿಗೆ ಪ್ರತ್ಯೇಕ ಚಿಕಿತ್ಸಾ ಘಟಕಗಳನ್ನು ಉದ್ದೇಶಿಸಿದೆ. ಆದರೂ ಹಾಸಿಗೆ ಹಿಡಿದವರ ದಿನನಿತ್ಯದ ಆರೈಕೆ ಇಂದಿಗೂ ಬಹುಮಟ್ಟಿಗೆ ಮನೆಯ ಹೆಂಡತಿ, ಸೊಸೆ, ಮಗಳ ಪಾಲಿಗೇ ಬರುತ್ತದೆ. ಅವರ ದುಡಿಮೆ, ಅವರ ನಿದ್ದೆ, ಅವರ ಬೆನ್ನುನೋವು ಇವನ್ನು ಅಳೆಯುವ ಆರೈಕೆಯ ಹೊರೆ ಎಂಬ ಪರಿಕಲ್ಪನೆಯೂ ಈಗ ಈ ಶಾಸ್ತ್ರದ ಭಾಗವಾಗಿದೆ. ಆ ಹೊರೆಯನ್ನು ಕೇಳಿ ದಾಖಲಿಸದೆ ವೃದ್ಧರ ತಪಾಸಣೆ ಪೂರ್ಣವಾಗುವುದಿಲ್ಲ ಎಂದು ಜೆರಿಯಾಟ್ರಿಕ್ಸ್ ಪರಿಗಣಿಸುತ್ತದೆ.